ಗುಳಿಗೆ ನುಂಗಿದರೂ ಹೋಗದ ಸುಸ್ತು: ಥೈರಾಯ್ಡ್ ಚಿಕಿತ್ಸೆ ನಡೆದು ಬಂದ ದಾರಿ

"ರಿಪೋರ್ಟ್ ನಾರ್ಮಲ್ ಐತಿ ಅಂತಾರ್ರೀ, ಖರೆ ಸುಸ್ತು ಹೋಗವಲ್ದು." ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ದವಾಖಾನೆಗಳಲ್ಲಿ ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುವ ಹೆಂಗಸರಿಂದ ಈ ಥರದ ಮಾತು ಕೇಳದ ವೈದ್ಯರು ಇರಲಾರರು. ಮೇಲವಂಕಿಯಂಥ ಊರಿನಿಂದ ಗೋಕಾಕಕ್ಕೆ ಬಂದು, ರಕ್ತ ಕೊಟ್ಟು, ರಿಪೋರ್ಟಿಗೆ ಕಾದು ಕೂತರೆ ಕಾಗದದ ಮೇಲೆ ಟಿಎಸ್‌ಎಚ್ ಅಂಕಿ ಗೆರೆಯೊಳಗೇ ಇರುತ್ತದೆ. ಮೈಭಾರ, ಮಲಬದ್ಧತೆ, ಉದುರುವ ಕೂದಲು, ಮಧ್ಯಾಹ್ನಕ್ಕೇ ಎಳೆಯುವ ನಿದ್ದೆ ಮಾತ್ರ ಇದ್ದಲ್ಲೇ ಇರುತ್ತವೆ. ವೈದ್ಯರು ಅಂಕಿಯನ್ನು ನಂಬುತ್ತಾರೆ, ರೋಗಿ ತನ್ನ ಮೈಯನ್ನು ನಂಬುತ್ತಾಳೆ. ಈ ಜಗ್ಗಾಟ ಗೋಕಾಕದಲ್ಲಿ ಹುಟ್ಟಿದ್ದಲ್ಲ. ಥೈರಾಯ್ಡ್ ವೈದ್ಯಕೀಯದ ನೂರೈವತ್ತು ವರ್ಷಗಳ ಕಥೆ ಬಹುಪಾಲು ಇದರ ಸುತ್ತಲೇ ತಿರುಗಿದೆ.

1874ರಲ್ಲಿ ಲಂಡನ್ನಿನ ವಿಲಿಯಂ ಗಲ್, ನಡುವಯಸ್ಸಿನ ಹೆಂಗಸರಲ್ಲಿ ಮುಖ ಊದಿ, ಮಾತು ನಿಧಾನವಾಗಿ, ಮನಸ್ಸು ಮಂಕಾಗುವ ಸ್ಥಿತಿಯೊಂದನ್ನು ವಿವರಿಸಿದ. ನಾಲ್ಕು ವರ್ಷದ ಮೇಲೆ ವಿಲಿಯಂ ಆರ್ಡ್ ಅದಕ್ಕೆ ಮಿಕ್ಸಿಡೀಮಾ ಎಂದು ಹೆಸರಿಟ್ಟ. ಕುತ್ತಿಗೆಯ ಗ್ರಂಥಿಗೂ ಈ ಮಂಕಿಗೂ ಇರುವ ನಂಟು ಗಟ್ಟಿಯಾಗಲು ಸ್ವಿಜರ್ಲೆಂಡಿನ ಥಿಯೊಡೋರ್ ಕೋಖರ್ ಕಾರಣ. ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾಗಿದ್ದ ಆತ, ತಾನು ಗ್ರಂಥಿಯನ್ನು ಪೂರ್ತಿ ತೆಗೆದಿದ್ದ ರೋಗಿಗಳನ್ನು ಮರಳಿ ಕರೆಸಿ ಪರೀಕ್ಷಿಸಿದ. ಹಲವರು ಊದಿಕೊಂಡು, ಜಡವಾಗಿದ್ದರು. 1883ರಲ್ಲಿ ಅದನ್ನು ಮುಚ್ಚಿಡದೆ ಸಹೋದ್ಯೋಗಿಗಳ ಮುಂದಿಟ್ಟ. 1909ರಲ್ಲಿ ಆತನಿಗೆ ನೊಬೆಲ್ ಬಂತು. ಅವನ ಕತ್ತರಿಯ ನೈಪುಣ್ಯಕ್ಕಿಂತಲೂ, ಗಾಯ ಮಾಗಿದ ಮೇಲೂ ರೋಗಿಯನ್ನು ಕರೆಸಿ "ಹೇಗಿದ್ದೀರಿ" ಎಂದು ಕೇಳಿದ್ದೇ ದೊಡ್ಡದೆಂದು ನನಗನ್ನಿಸುತ್ತದೆ.

ಚಿಕಿತ್ಸೆ ಶುರುವಾದದ್ದು 1891ರಲ್ಲಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾರ್ಜ್ ಮರೆ ಎಂಬ ಯುವ ವೈದ್ಯ ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು 46 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದ. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿ 1919ರಲ್ಲಿ ತೀರಿಕೊಂಡಳು. ಅಷ್ಟು ವರ್ಷಗಳ ಔಷಧಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದವೆಂದು ಮರೆಯೇ ಲೆಕ್ಕ ಹಾಕಿದ್ದಾನೆ. ಮುಂದೆ 1914ರ ಕ್ರಿಸ್‌ಮಸ್ ದಿನ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಲ್ ಹಾರ್ಮೋನಿನ ಹರಳುಗಳನ್ನು ಬೇರ್ಪಡಿಸಿದ. ಹಂದಿಯ ಗ್ರಂಥಿಗಳನ್ನು ಟನ್ನುಗಟ್ಟಲೆ ಅರೆದರೂ ಕೈಗೆ ಸಿಕ್ಕಿದ್ದು ಕೆಲವೇ ಗ್ರಾಂ ಥೈರಾಕ್ಸಿನ್. ಚಾರ್ಲ್ಸ್ ಹ್ಯಾರಿಂಗ್ಟನ್ ಮತ್ತು ಜಾರ್ಜ್ ಬಾರ್ಜರ್ 1927ರ ಹೊತ್ತಿಗೆ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಇಂದು ನಮ್ಮ ಔಷಧ ಅಂಗಡಿಗಳಲ್ಲಿ ನೂರು ಗುಳಿಗೆಯ ಬಾಟಲಿಯಾಗಿ ಸಿಗುವ ಲಿವೊಥೈರಾಕ್ಸಿನ್ ಅದೇ ವಸ್ತುವಿನ ಸೋಡಿಯಂ ಲವಣ.

ಆ ಕಾಲದಲ್ಲಿ ಗುಳಿಗೆಯ ಪ್ರಮಾಣ ನಿರ್ಧರಿಸುತ್ತಿದ್ದದ್ದು ನಾಡಿ, ಚಯಾಪಚಯದ ಅಳತೆ, ಮತ್ತು ರೋಗಿಯ ಮಾತು. ಹುರುಪು ಬರುವವರೆಗೆ ಏರಿಸುವುದು, ಎದೆ ಬಡಿದುಕೊಂಡರೆ ಇಳಿಸುವುದು. ದಿನಕ್ಕೆ 200 ರಿಂದ 400 ಮೈಕ್ರೋಗ್ರಾಂ ಕೊಡುವುದು ಸಾಮಾನ್ಯವಾಗಿತ್ತು. 1952ರಲ್ಲಿ ಜ್ಯಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್-ರಿವರ್ಸ್ ಎರಡನೆಯ ಹಾರ್ಮೋನ್ ಟಿ3ಯನ್ನು ಕಂಡುಹಿಡಿದರು. ಜೀವಕೋಶದಲ್ಲಿ ನಿಜವಾಗಿ ಕೆಲಸ ಮಾಡುವುದು ಇದೇ. ಹಾಗಾದರೆ ಬರೀ ಟಿ4, ಅಂದರೆ ಥೈರಾಕ್ಸಿನ್, ಕೊಟ್ಟರೆ ಸಾಕೇ? 1970ರಲ್ಲಿ ಬ್ರೇವರ್‌ಮನ್, ಇಂಗ್‌ಬಾರ್, ಸ್ಟರ್ಲಿಂಗ್ ಉತ್ತರ ಕೊಟ್ಟರು: ಥೈರಾಯ್ಡ್ ಗ್ರಂಥಿ ಕೆಲಸ ಮಾಡದವರಲ್ಲೂ ದೇಹವೇ ಟಿ4 ಅನ್ನು ಟಿ3 ಆಗಿ ಮಾರ್ಪಡಿಸಿಕೊಳ್ಳುತ್ತದೆ. ಅದೇ ಹೊತ್ತಿಗೆ ರಕ್ತದಲ್ಲಿ ಟಿಎಸ್‌ಎಚ್ ಅಳೆಯುವುದೂ ಸಾಧ್ಯವಾಯಿತು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ಈ ಆದೇಶದ ಪ್ರಮಾಣ ನೋಡಿದರೆ ದೇಹಕ್ಕೆ ಹಾರ್ಮೋನ್ ಸಾಲುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಒಂದು ಗುಳಿಗೆ, ಒಂದು ಅಂಕಿ. ವೈದ್ಯರ ಕೆಲಸ ಸಲೀಸಾಯಿತು. ಹಲವರು ಬೇಕಾದ್ದಕ್ಕಿಂತ ಹೆಚ್ಚು ನುಂಗುತ್ತಿದ್ದಾರೆಂದು ಗೊತ್ತಾಗಿ ಪ್ರಮಾಣ 100-150 ಮೈಕ್ರೋಗ್ರಾಂ ಆಸುಪಾಸಿಗೆ ಇಳಿಯಿತು. ಅದು ಒಳ್ಳೆಯದೇ ಆಯಿತು. 60 ದಾಟಿದವರಲ್ಲಿ ಟಿಎಸ್‌ಎಚ್ ತೀರಾ ಕುಸಿದರೆ ಹತ್ತು ವರ್ಷಗಳಲ್ಲಿ ಹೃದಯದ ಬಡಿತ ತಾಳ ತಪ್ಪುವ ಅಪಾಯ ಸುಮಾರು ಮೂರು ಪಟ್ಟಾಗುತ್ತದೆಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1994ರಲ್ಲಿ ತೋರಿಸಿತು. ಆದರೆ ಅಂಕಿ ಬಂದ ಮೇಲೆ ರೋಗಿಯ ಮಾತಿಗೆ ಮೊದಲಿದ್ದ ತೂಕ ಉಳಿಯಲಿಲ್ಲ.

ನಮ್ಮ ದೇಶದಲ್ಲಿ ಇಡೀ ಚಿತ್ರವೇ ಬೇರೆ ಇತ್ತು. ಇಲ್ಲಿ ಥೈರಾಯ್ಡ್ ಎಂದರೆ ಬಹುಕಾಲ ಗಳಗಂಡ, ಗಳಗಂಡವೆಂದರೆ ಅಯೋಡಿನ್ ಕೊರತೆ. 1956ರಲ್ಲಿ ಶುರುವಾದ, ಹಿಮಾಲಯದ ಕಾಂಗ್ರಾ ಕಣಿವೆಯ ಪ್ರಯೋಗದಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ಇಳಿಯುವುದನ್ನು ಸಾಬೀತು ಮಾಡಿದರು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. ಉಪ್ಪಿಗೆ ಅಯೋಡಿನ್ ಬೆರೆಸುವ ಕಾನೂನು ಒಮ್ಮೆ ಸಡಿಲವಾಗಿ 2006ರಿಂದ ಮತ್ತೆ ಬಿಗಿಯಾಯಿತು. ಹಿಮಾಲಯದ ಕಾಯಿಲೆ ಇದು, ನಮಗೇನು ಎನ್ನುವ ಹಾಗಿರಲಿಲ್ಲ. ಶಾಲಾ ಮಕ್ಕಳಲ್ಲಿ ಶೇ 5ಕ್ಕಿಂತ ಹೆಚ್ಚು ಗಳಗಂಡ ಕಂಡರೆ ಆ ಪ್ರದೇಶವನ್ನು ಪೀಡಿತವೆಂದು ಗುರುತಿಸುತ್ತಾರೆ. ಬೆಳಗಾವಿ ಜಿಲ್ಲೆಯ ಹಳ್ಳಿ ಮಕ್ಕಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಗಡಿ ದಾಟಿತ್ತು.

ಉಪ್ಪು ಸರಿಯಾದ ಮೇಲೆ ಮುಂದೆ ಬಂದದ್ದು ಇನ್ನೊಂದು ಕಾಯಿಲೆ. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ವಿವರಿಸಿದ, ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ತಿರುಗಿ ಬೀಳುವ ಬೇನೆ. ಬೆಂಗಳೂರೂ ಸೇರಿ ಎಂಟು ನಗರಗಳ 5,376 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಶೇ 11 ಮಂದಿಗೆ ಥೈರಾಯ್ಡ್ ಕೊರತೆ ಇತ್ತು. ಐವರಲ್ಲಿ ಒಬ್ಬರ ರಕ್ತದಲ್ಲಿ ಗ್ರಂಥಿಯ ವಿರುದ್ಧದ ಪ್ರತಿಕಾಯ ಸಿಕ್ಕಿತು. ಗುಳಿಗೆ ನುಂಗುವವರ ಸಂಖ್ಯೆ ಇಷ್ಟು ದೊಡ್ಡದಾದಾಗ, ನುಂಗಿಯೂ ಸುಖವಿಲ್ಲದವರ ಸಂಖ್ಯೆಯೂ ಸಣ್ಣದಿರುವುದಿಲ್ಲ.

ಆ ಸಂಖ್ಯೆಯನ್ನು ಮೊದಲು ಅಳೆದದ್ದು ಬ್ರಿಟನ್ನಿನವರು. 2002ರಲ್ಲಿ ಸರವಣನ್ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕ್ಷೆಯಲ್ಲಿ, ಟಿಎಸ್‌ಎಚ್ ಸರಿಯಿದ್ದೂ ಮಾನಸಿಕ ಬಳಲಿಕೆ ತೋರಿದವರು ಶೇ 32. ಥೈರಾಯ್ಡ್ ತೊಂದರೆಯೇ ಇಲ್ಲದ, ಅದೇ ವಯಸ್ಸಿನ ನೆರೆಹೊರೆಯವರಲ್ಲಿ ಶೇ 26. ಈ ಎರಡು ಅಂಕಿಗಳನ್ನು ಜೊತೆಗಿಟ್ಟು ಓದಬೇಕು. ಗುಳಿಗೆ ತೆಗೆದುಕೊಳ್ಳುವವರು ಇತರರಿಗಿಂತ ಹೆಚ್ಚು ಬಳಲುತ್ತಾರೆ, ಅದು ಮನಸ್ಸಿನ ಕಲ್ಪನೆಯಲ್ಲ. ಆದರೆ ನಾಲ್ವರಲ್ಲಿ ಒಬ್ಬರು ಥೈರಾಯ್ಡ್ ತೊಂದರೆ ಇಲ್ಲದೆಯೂ ಬಳಲುತ್ತಾರೆ.

ಟಿ3 ಬೆರೆಸಿ ಕೊಟ್ಟರೆ ಹೇಗೆ ಎಂಬ ಆಸೆಗೆ ಬಲ ಬಂದದ್ದು 1999ರಲ್ಲಿ. ಲಿಥುವೇನಿಯಾದ ಬುನೆವಿಚ್ಯುಸ್ ಮತ್ತು ಜೊತೆಯವರು 33 ರೋಗಿಗಳಿಗೆ ಟಿ4ನ ಸ್ವಲ್ಪ ಭಾಗ ಕಳೆದು ಟಿ3 ಸೇರಿಸಿದಾಗ ಮನಸ್ಸು, ನೆನಪು ಸುಧಾರಿಸಿದವು. ಜಗತ್ತಿನ ರೋಗಿಗಳೆಲ್ಲ ಕಿವಿ ನಿಮಿರಿಸಿದರು. ಮುಂದಿನ ದೊಡ್ಡ ಪ್ರಯೋಗಗಳು ನಿರಾಸೆ ಮಾಡಿದವು. 2006ರಲ್ಲಿ 11 ಪ್ರಯೋಗಗಳ 1,216 ರೋಗಿಗಳ ಲೆಕ್ಕ ಒಟ್ಟುಗೂಡಿಸಿದಾಗ ಎರಡು ಚಿಕಿತ್ಸೆಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೂ ಚರ್ಚೆ ಮುಗಿಯಲಿಲ್ಲ. ಟಿ4ಅನ್ನು ಟಿ3 ಮಾಡುವ ಕಿಣ್ವದ ಜೀನ್‌ನಲ್ಲಿ ಒಂದು ವಿಶೇಷ ರೂಪ ಹೊತ್ತ ಸುಮಾರು ಶೇ 16 ಮಂದಿಗೆ ಜೋಡಿ ಚಿಕಿತ್ಸೆ ಹಿಡಿಸುತ್ತದೆಂದು 2009ರಲ್ಲಿ ಪಾಣಿಕ್ಕರ್ ಮತ್ತು ಇತರರು ಹೇಳಿದರು. ಪ್ರಶ್ನೆ ಜೀವಂತವಾಗಿ ಉಳಿಯಲು ಆ ಸುಳಿವೇ ಸಾಕಾಯಿತು. ಒಣಗಿಸಿದ ಹಂದಿ ಗ್ರಂಥಿಯ ಹಳೆಯ ಗುಳಿಗೆಗೂ ಅಮೆರಿಕದಲ್ಲಿ ಅಭಿಮಾನಿಗಳಿದ್ದಾರೆ. ಮನುಷ್ಯನ ಗ್ರಂಥಿ ಸುರಿಸುವುದಕ್ಕಿಂತ ಅದರಲ್ಲಿ ಟಿ3ಯ ಪಾಲು ಮೂರು ಪಟ್ಟಿಗೂ ಹೆಚ್ಚು.

ಇವೆಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು 2018ರ ಒಂದು ಅಮೆರಿಕನ್ ಪ್ರಯೋಗ. ಮೇರಿ ಸ್ಯಾಮ್ಯುಯೆಲ್ಸ್ ತಂಡ 138 ಜನರಿಗೆ ತಿಳಿಯದ ಹಾಗೆ ಟಿ4 ಪ್ರಮಾಣವನ್ನು ಏರಿಸಿತು, ಇಳಿಸಿತು. ಆರು ತಿಂಗಳ ನಂತರ ಮನಸ್ಥಿತಿ, ನೆನಪು, ದಣಿವು ಯಾವುದರಲ್ಲೂ ಗಣನೀಯ ವ್ಯತ್ಯಾಸವಿರಲಿಲ್ಲ. ತಮಗೆ ಹೆಚ್ಚು ಕೊಟ್ಟಿದ್ದಾರೋ ಕಡಿಮೆ ಕೊಟ್ಟಿದ್ದಾರೋ ಎಂದು ಅವರಿಗೆ ಗುರುತಿಸಲಾಗಲಿಲ್ಲ. ಆದರೂ ಹೆಚ್ಚು ಎಂದು ತಾವು ಅಂದುಕೊಂಡದ್ದನ್ನೇ ಇಷ್ಟಪಟ್ಟರು! "ನಂಗ ಇನ್ನೊಂದ್ ಇಪ್ಪತ್ತೈದು ಹೆಚ್ಚು ಮಾಡ್ರಿ" ಎನ್ನುವವರಿಗೂ, ಕೇಳಿದ ಕೂಡಲೇ ಬರೆದುಕೊಡುವವರಿಗೂ ಇದು ಗೊತ್ತಿರಬೇಕು.

ಹೀಗಾಗಿ ನನ್ನ ಮಟ್ಟಿಗೆ ಎರಡನೇ ಹಾರ್ಮೋನಿನ ಪ್ರಶ್ನೆ ಸಾಲಿನ ಕೊನೆಗೆ ನಿಲ್ಲಬೇಕಾದದ್ದು. ಅದಕ್ಕೂ ಮೊದಲು ಕೇಳಬೇಕಾದ್ದು ಎರಡು: ಗುಳಿಗೆ ಹೊಟ್ಟೆಯಿಂದ ರಕ್ತಕ್ಕೆ ಸೇರುತ್ತಿದೆಯೇ? ಸುಸ್ತು ಥೈರಾಯ್ಡಿನದೇ ಹೌದೇ?

ಮೊದಲನೆಯದಕ್ಕೆ ಉತ್ತರ ಅಡುಗೆಮನೆಯಲ್ಲಿದೆ. ಬರಿಹೊಟ್ಟೆಯಲ್ಲಿ ತೆಗೆದುಕೊಂಡರೆ ಲಿವೊಥೈರಾಕ್ಸಿನ್ ಶೇ 70-80ರಷ್ಟು ಹೀರಲ್ಪಡುತ್ತದೆ; ತಿಂಡಿ, ಕಾಫಿ, ಹಾಲಿನ ಜೊತೆ ಹೋದರೆ ಕಡಿಮೆ. ನಮ್ಮ ಕಡೆ ಬೆಳಗಿನ ಚಹಾ ಎದ್ದ ಕೂಡಲೇ ಆಗಬೇಕು, ಅದೂ ಹಾಲು ಹಾಕಿ ಕುದಿಸಿದ್ದು. ಗುಳಿಗೆ ನುಂಗಿ ಅರ್ಧದಿಂದ ಒಂದು ತಾಸು ನೀರಲ್ಲದೆ ಬೇರೇನೂ ಬೇಡ ಎಂದು ವೈದ್ಯರು ಹೇಳಿದ್ದು, ಐದಕ್ಕೆ ಎದ್ದು ದನದ ಕೆಲಸ, ರೊಟ್ಟಿ, ಮಕ್ಕಳ ಡಬ್ಬಿ ನೋಡುವ ಹೆಂಗಸಿಗೆ ಸುಲಭವಲ್ಲ. ಅಂಥವರಿಗೆ ರಾತ್ರಿ ಊಟವಾಗಿ ಮೂರು ತಾಸಿನ ಮೇಲೆ ಮಲಗುವಾಗ ನುಂಗುವುದು ಒಳ್ಳೆಯ ದಾರಿ. ನೆದರ್ಲೆಂಡಿನ 2010ರ ಪ್ರಯೋಗದಲ್ಲಿ ರಾತ್ರಿಯ ಗುಳಿಗೆಯಿಂದ ಟಿಎಸ್‌ಎಚ್ ಇನ್ನೂ ಚೆನ್ನಾಗಿ ಇಳಿಯಿತು.

ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ, ಅಸಿಡಿಟಿ ಮದ್ದು ಇವು ಮೂರೂ ಹೊಟ್ಟೆಯಲ್ಲಿ ಥೈರಾಕ್ಸಿನ್‌ಗೆ ಅಡ್ಡ ಬರುತ್ತವೆ. ಕಬ್ಬಿಣ, ಕ್ಯಾಲ್ಸಿಯಂಗಾದರೆ ನಾಲ್ಕು ತಾಸಿನ ಅಂತರ ಸಾಕು. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಗುಳಿಗೆಯನ್ನೂ ಥೈರಾಯ್ಡ್ ಗುಳಿಗೆಯನ್ನೂ ಒಂದೇ ಗುಟುಕು ನೀರಿನಲ್ಲಿ ಇಳಿಸಿಬಿಟ್ಟರೆ ಥೈರಾಯ್ಡ್ ಗುಳಿಗೆ ಅಷ್ಟರಮಟ್ಟಿಗೆ ದಂಡ. ಲಿವೊಥೈರಾಕ್ಸಿನ್‌ಗೆ ಬಿಸಿಲು, ತೇವ, ಬೆಳಕು ಆಗಿಬರುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಗೋಕಾಕದ ಪತ್ರಾಸ್ ಮನೆಯ ಕಿಟಕಿಯಲ್ಲಿಟ್ಟ ಬಾಟಲಿಯನ್ನು ಒಳಗಿನ ತಣ್ಣನೆ ಕಪಾಟಿಗೆ ಸರಿಸುವುದು ಲೇಸು. ಇನ್ನು ಕೂದಲು ಉದುರುತ್ತದೆಂದು ತೆಗೆದುಕೊಳ್ಳುವ ಬಯೋಟಿನ್ ಗುಳಿಗೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಫಲಿತಾಂಶವನ್ನೇ ತಪ್ಪಾಗಿ ತೋರಿಸುತ್ತದೆ. ರಕ್ತ ಕೊಡುವ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಸಜ್ಜೆ ರೊಟ್ಟಿ, ಎಲೆಕೋಸಿನ ಭಯ ಮಾತ್ರ ಅನಗತ್ಯ. ಸಜ್ಜೆಯೇ ಊಟವಾದ, ಅಯೋಡಿನ್ ಕೊರತೆಯ ಸುಡಾನಿನ ದಾರ್ಫುರ್‌ನಲ್ಲಿ ಸಜ್ಜೆಗೂ ಗಳಗಂಡಕ್ಕೂ ನಂಟು ಕಂಡಿದ್ದು ನಿಜ, ಆದರೆ ಅಯೋಡಿನ್ ಉಪ್ಪು ತಿನ್ನುವವರು ಭೋಗಿಯ ಸಜ್ಜೆ ರೊಟ್ಟಿ ಬಿಡಬೇಕಾಗಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ರಕ್ತದಲ್ಲೇ ಇದೆ, ಬೇರೆ ಪರೀಕ್ಷೆ ಬೇಕು ಅಷ್ಟೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 48 ಮಂದಿಗೆ ರಕ್ತಹೀನತೆ ಇತ್ತು. ಸುಸ್ತು, ಉಬ್ಬಸ, ಕೂದಲು ಉದುರುವುದು, ಚಳಿ ತಡೆಯದಿರುವುದು ಎರಡೂ ಕಾಯಿಲೆಗಳಲ್ಲಿವೆ. ಶಾಕಾಹಾರಿ ಮನೆಗಳಲ್ಲಿ ಬಿ12 ಕೊರತೆ ಅಪರೂಪವಲ್ಲ, ಕಾಲು ಜೋಮಿನ ಜೊತೆ ಅದೂ ಸುಸ್ತು ತರುತ್ತದೆ. ಹಶಿಮೊಟೊ ಇರುವವರಲ್ಲಿ ಹೊಟ್ಟೆಯ ಆಮ್ಲ ಕಡಿಮೆಯಾಗಿ ಬಿ12 ಹೀರದ ತೊಂದರೆ, ಗೋಧಿ ಒಗ್ಗದ ಸೀಲಿಯಾಕ್ ಬೇನೆ ಇತರರಿಗಿಂತ ಹೆಚ್ಚು. ಮುಟ್ಟು ನಿಲ್ಲುವ ವಯಸ್ಸು, ಗೊರಕೆಯ ನಡುವೆ ಉಸಿರು ನಿಲ್ಲುವ ನಿದ್ದೆ, ಖಿನ್ನತೆ, ಸಕ್ಕರೆ ಕಾಯಿಲೆ ಇವನ್ನೂ ನೋಡಬೇಕು. ಟಿಎಸ್‌ಎಚ್ ಒಂದನ್ನೇ ಮತ್ತೆ ಮತ್ತೆ ಬರೆಸುವುದಕ್ಕಿಂತ ಒಮ್ಮೆ ಹಿಮೋಗ್ಲೋಬಿನ್, ಫೆರಿಟಿನ್, ಬಿ12 ಬರೆಸುವುದು ಉಪಯುಕ್ತ.

ಕೆಲವರಿಗೆ ಗುಳಿಗೆಯೇ ಬೇಕಿರಲಿಲ್ಲ ಎಂಬ ಸಾಧ್ಯತೆಯನ್ನೂ ಹೇಳಬೇಕು. ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ ತುಸು ಏರಿದ 65 ದಾಟಿದ 737 ಜನರ ಮೇಲೆ ಯುರೋಪಿನಲ್ಲಿ ನಡೆದ ಟ್ರಸ್ಟ್ ಎಂಬ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಥೈರಾಕ್ಸಿನ್ ನುಂಗಿದವರಿಗೂ ಹುಸಿ ಗುಳಿಗೆ ನುಂಗಿದವರಿಗೂ ಸುಸ್ತಿನಲ್ಲಿ ವ್ಯತ್ಯಾಸವಿರಲಿಲ್ಲ. ಮೊಣಕಾಲು ನೋವಿಗೆಂದು ಹೋದ ಅಜ್ಜಿಗೆ 6ರ ಟಿಎಸ್‌ಎಚ್ ನೋಡಿ ಶುರು ಮಾಡಿದ 25ರ ಗುಳಿಗೆ ಅವಳ ನೋವು ತೆಗೆಯದಿದ್ದರೆ ಅಚ್ಚರಿಪಡಬೇಕಾಗಿಲ್ಲ. ಹಾಗೆಂದು ಯಾರೂ ತಾವಾಗಿ ಬಿಡಬಾರದು, ಗರ್ಭಿಣಿಯರಂತೂ ಸರ್ವಥಾ ಬಿಡಬಾರದು. ಅವರಿಗೆ ಪ್ರಮಾಣ ಏರಿಸಬೇಕಾಗುತ್ತದೆ.

ಪ್ರತಿಕಾಯದ ಉರಿಯೂತವೇ ಸುಸ್ತಿಗೆ ಕಾರಣವಿರಬಹುದೆಂಬ ವಾದವೂ ಇದೆ. 2019ರಲ್ಲಿ ನಾರ್ವೆಯ ವೈದ್ಯರು, ಪ್ರತಿಕಾಯ ವಿಪರೀತ ಏರಿದ್ದು ಗುಳಿಗೆಯಲ್ಲೂ ಬಳಲುತ್ತಿದ್ದ 150 ಮಂದಿಯಲ್ಲಿ ಅರ್ಧ ಜನರ ಗ್ರಂಥಿಯನ್ನೇ ತೆಗೆದರು. ಸುಸ್ತು ನಿಜಕ್ಕೂ ಕಡಿಮೆಯಾಯಿತು. ಆದರೆ ಶಸ್ತ್ರಚಿಕಿತ್ಸೆಯ ತೊಡಕು ಏಳರಲ್ಲಿ ಒಬ್ಬರಿಗೆ ಬಂತು. ಕೋಖರ್‌ನ ಕಾಲದಿಂದ ಒಂದು ಸುತ್ತು ಹಾಕಿ ಬಂದಂತಿರುವ ಈ ದಾರಿಯನ್ನು ಸದ್ಯಕ್ಕೆ ಯಾರಿಗೂ ಸಲಹೆ ಮಾಡಲಾರೆ.

ಇಷ್ಟೆಲ್ಲ ನೋಡಿ, ಸರಿಪಡಿಸಿ, ಟಿಎಸ್‌ಎಚ್ ಹಲವು ತಿಂಗಳು ನೆಟ್ಟಗಿದ್ದ ಮೇಲೂ ಸುಸ್ತು ಬಿಡದವರು ಉಳಿದೇ ಉಳಿಯುತ್ತಾರೆ. ಅವರಿಗಾಗಿ ಯುರೋಪಿಯನ್ ಥೈರಾಯ್ಡ್ ಸಂಘ 2012ರಲ್ಲಿ ಒಂದು ಕಿಟಕಿ ತೆರೆದಿಟ್ಟಿತು. ಹಾರ್ಮೋನ್ ತಜ್ಞರ ನಿಗಾದಲ್ಲಿ ಟಿ4 ಕೊಂಚ ಕಡಿಮೆ ಮಾಡಿ, 13 ರಿಂದ 20 ಪಾಲು ಟಿ4ಗೆ ಒಂದು ಪಾಲು ಟಿ3 ಸೇರಿಸಿ ನೋಡಬಹುದು. ಗರ್ಭಿಣಿಯರಿಗೂ, ಹೃದಯದ ಬಡಿತ ತಾಳ ತಪ್ಪಿದವರಿಗೂ ಇದು ಸಲ್ಲದು. 2021ರಲ್ಲಿ ಅಮೆರಿಕ, ಬ್ರಿಟನ್, ಯುರೋಪಿನ ಸಂಘಗಳು ಕೂತು ಒಪ್ಪಿದ್ದೂ ಇಷ್ಟೇ: ಹಿಂದಿನ ಪ್ರಯೋಗಗಳು ನಿಜವಾಗಿ ಬಳಲುವವರನ್ನು ಆರಿಸಿ ನಡೆಸಿದವಲ್ಲ, ಹೊಸದಾಗಿ ನಡೆಸಬೇಕು. ಗೋಕಾಕದ ರೋಗಿಗೆ ಇದರರ್ಥ ಬೆಳಗಾವಿಯ ತಜ್ಞರವರೆಗಿನ ಅರವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ, ಪದೇ ಪದೇ ರಕ್ತಪರೀಕ್ಷೆ, ದಿನಕ್ಕೆ ಎರಡು ಹೊತ್ತಿನ ಗುಳಿಗೆ. ಮೂರು ತಿಂಗಳಲ್ಲಿ ಮೈ ಹಗುರಾಗದಿದ್ದರೆ ಟಿ3 ನಿಲ್ಲಿಸಿ ಹಳೆಯ ಪ್ರಮಾಣಕ್ಕೆ ಮರಳಬೇಕೆಂದು ಯುರೋಪಿಯನ್ ಸಂಘದ 2012ರ ಮಾರ್ಗಸೂಚಿ ಹೇಳುತ್ತದೆ.