ಹೊಲದ ಖಾತಿ ಅಲ್ಲ, ಕಾಕಾ

ಹೋದ ದೀಪಾವಳಿಗೆ ಶಹಾಪುರಕ್ಕೆ ಹೋಗಿದ್ದಾಗ ನಮ್ಮ ಕಾಕಾ ಫೋನನ್ನು ನನ್ನ ಕೈಗಿಟ್ಟು, "ಇದನ್ನ ಒತ್ತಿದ್ರ ಹೊಲದ ಖಾತಿ ಹೋಗತದೇನೋ ತಮ್ಮಾ?" ಅಂದರು. ಪರದೆಯ ಮೇಲೆ 'ಖಾತೆ ಅಳಿಸು' ಅಂತ ಇತ್ತು. ಫೋಟೊಗಳನ್ನು ಜೋಡಿಸಿಡುವ ಸಣ್ಣದೊಂದು ಮುಕ್ತ ತಂತ್ರಾಂಶ ಅದು. ಅವರ ಫೋನಿಗೆ ಹಾಕಿಕೊಟ್ಟವನು ನಾನೇ. ಮುಜುಗರದ ಸಂಗತಿ ಅಂದ್ರೆ, ಆ ಎರಡು ಪದ ಬರೆದವನೂ ನಾನೇ. ಬೆಂಗಳೂರಿನಲ್ಲಿ ಒಂದು ಶನಿವಾರ ರಾತ್ರಿ ಕೂತು 'ಡಿಲೀಟ್ ಅಕೌಂಟ್'ಗೆ ಒಳ್ಳೆ ಕನ್ನಡ ಸಿಕ್ಕಿತು ಅಂತ ಖುಷಿಪಟ್ಟಿದ್ದೆ.

ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಕಾಕಾ ಅವರ ಹೆದರಿಕೆಗೆ ಅರ್ಥ ಇದೆ. ಅದರ ಹಿಂದಿನ ಕಥೆ ಫೋನಿಗಿಂತ ಬಹಳ ಹಳೆಯದು.

ಯಾದಗಿರಿ, ಶಹಾಪುರ, ಸುರಪುರ ಈಗ ಒಂದೇ ಜಿಲ್ಲೆಯಲ್ಲಿವೆ. ಆ ಜಿಲ್ಲೆ ಹುಟ್ಟಿದ್ದು 2009ರ ಡಿಸೆಂಬರ್ 30ಕ್ಕೆ. ಅದಕ್ಕೂ ಹಿಂದೆ ಇದೆಲ್ಲ ನಿಜಾಮರ ಸೀಮೆ. ಸುರಪುರಕ್ಕೆ ತನ್ನದೇ ನಾಯಕ ಅರಸರಿದ್ದರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ಸೋತ ಮೇಲೆ, 1860ರಲ್ಲಿ ಸಂಸ್ಥಾನ ನಿಜಾಮರ ಕೈಸೇರಿತು. ಹೈದರಾಬಾದಿನ ಆಡಳಿತದ ಭಾಷೆ ಮೊದಲು ಪರ್ಷಿಯನ್, 1880ರ ದಶಕದಿಂದ ಉರ್ದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ನಮ್ಮ ಅಜ್ಜನ ಟ್ರಂಕಿನಲ್ಲೂ ಉರ್ದುವಿನ ಒಂದು ಹೊಲದ ಕಾಗದ ಇತ್ತು. ಮನೆಯಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. "ಓದಿದವ ಏನ ಹೇಳಿದ್ನೋ ಅದೇ ಖರೆ" ಅಂತಿದ್ದರು ಅಜ್ಜ. ಸ್ವಂತ ಹೊಲದ ಬಗ್ಗೆ ಇನ್ನೊಬ್ಬರ ಬಾಯಿಂದ ಕೇಳಿ ತಿಳಿದುಕೊಳ್ಳಬೇಕಾದ ಪರಿಸ್ಥಿತಿ ಅದು.

ತಮಾಷೆ ಏನಂದ್ರೆ, ಅದೇ ಹೈದರಾಬಾದು ಅನುವಾದದಲ್ಲಿ ದೊಡ್ಡ ಸಾಹಸ ಮಾಡಿದ ಊರು. 1917ರಲ್ಲಿ ಅಲ್ಲೊಂದು ಅನುವಾದ ಇಲಾಖೆ ಶುರುವಾಯಿತು. ಮರುವರ್ಷವೇ ಉಸ್ಮಾನಿಯಾ ವಿಶ್ವವಿದ್ಯಾಲಯ. ದೇಶದ ಬೇರೆ ವಿಶ್ವವಿದ್ಯಾಲಯಗಳು ಇಂಗ್ಲಿಷಿನಲ್ಲಿ ಕಲಿಸುತ್ತಿದ್ದಾಗ ಇಲ್ಲಿ ವಿಜ್ಞಾನ, ವೈದ್ಯ, ಕಾನೂನು ಎಲ್ಲ ಉರ್ದುವಿನಲ್ಲಿ. ಸಂಬಳ ಕೊಟ್ಟು ಪಂಡಿತರನ್ನು ಕೂರಿಸಿ ನೂರಾರು ಪುಸ್ತಕ ಅನುವಾದ ಮಾಡಿಸಿದರು. ಒಂದೊಂದು ಪಾರಿಭಾಷಿಕ ಪದಕ್ಕೂ ಸಮಿತಿ ಕೂತು ವಾದ ಮಾಡಿತು. ಇವತ್ತಿಗೂ ಗೌರವ ಹುಟ್ಟಿಸುವ ಕೆಲಸ. ಆದರೆ ರಾಜ್ಯದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಆ ಬಾಗಿಲು ಅವರಿಗೆ ತೆರೆಯಲಿಲ್ಲ.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. ನಮ್ಮ ಕಡೆ ಅದು ವಿಮೋಚನಾ ದಿನ. 1991ರಲ್ಲಿ ಇದೇ ಸೆಪ್ಟೆಂಬರ್ 17ರಂದು ಹೆಲ್ಸಿಂಕಿಯ ಒಬ್ಬ ವಿದ್ಯಾರ್ಥಿ, ಲಿನಸ್ ಟೊರ್ವಾಲ್ಡ್ಸ್, ಲಿನಕ್ಸ್‌ನ ಮೊದಲ ಆವೃತ್ತಿಯನ್ನು ಹೊರಗೆ ಬಿಟ್ಟ. ಬರೀ ಕಾಕತಾಳೀಯ, ಗೊತ್ತು. ಆದರೂ ಕ್ಯಾಲೆಂಡರ್ ನೋಡಿದಾಗೆಲ್ಲ ನನಗೆ ಎರಡೂ ಒಟ್ಟಿಗೇ ನೆನಪಾಗುತ್ತವೆ. ಮುಂದಿನ ತಿಂಗಳೇ ಯುನಿಕೋಡ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡಕ್ಕೂ 128 ಮನೆಗಳ ಜಾಗ ಇತ್ತು. ಅಕ್ಷರಕ್ಕೆ ಜಾಗ ಸಿಕ್ಕಿತು, ತಿದ್ದಲು ಬಿಡುವ ತಂತ್ರಾಂಶವೂ ಸಿಕ್ಕಿತು. ಬೇಕಾಗಿದ್ದದ್ದು ಕೂತು ಅನುವಾದ ಮಾಡುವ ಜನ. 2000ರ ಆಸುಪಾಸಿನಲ್ಲಿ ಇಂಡ್‌ಲಿನಕ್ಸ್‌ನಂಥ ಗುಂಪುಗಳು ಶುರುವಾದವು. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಒಂದೊಂದಾಗಿ ಕನ್ನಡಕ್ಕೆ ಬಂದವು. ಕೆಲವರು ಕಂಪನಿಯ ಕೆಲಸವಾಗಿ ಮಾಡಿದರು; ಬಹಳ ಜನ ಮಾಡಿದ್ದು ಆಫೀಸು ಮುಗಿಸಿ ಮನೆಗೆ ಬಂದ ಮೇಲೆ, ಪುಕ್ಕಟೆ.

ಕೆಲಸ ನೋಡಲು ಸುಲಭ. ಒಂದು ಕಡತ ತೆರೆದರೆ ಮೇಲೊಂದು ಇಂಗ್ಲಿಷ್ ಸಾಲು, ಕೆಳಗೊಂದು ಖಾಲಿ ಸಾಲು. ಖಾಲಿ ಸಾಲು ತುಂಬುತ್ತಾ ಹೋಗಬೇಕು, ಅಷ್ಟೇ. ತುಂಬಲು ಕೂತಾಗ ಫಜೀತಿ ಗೊತ್ತಾಗೋದು. 'ಇಂಥ ಊರಿಂದ' ಅನ್ನಬೇಕು, ಊರಿನ ಹೆಸರು ಆಮೇಲೆ ಯಂತ್ರ ತುಂಬಿಕೊಳ್ಳುತ್ತದೆ. ಇಂಗ್ಲಿಷಿಗೆ ಒಂದು 'ಫ್ರಂ' ಸಾಕು. ನಮಗೆ? ಯಾದಗಿರಿಯಿಂದ, ಶಹಾಪುರದಿಂದ. ಒಂದಕ್ಕೆ 'ಯಿಂದ', ಇನ್ನೊಂದಕ್ಕೆ 'ದಿಂದ'. ಯಾವ ಹೆಸರು ಬರುತ್ತದೋ ಮೊದಲೇ ಗೊತ್ತಿಲ್ಲ. ಕೊನೆಗೆ 'ಶಹಾಪುರ ಇಂದ' ಅಂತ ಬಿಡಿಸಿ ಬರೆದು ಕೈಮುಗಿಯುತ್ತೇವೆ. ಯಂತ್ರದ ಕನ್ನಡ ಕೃತಕ ಅಂತ ನೀವು ಬೈಯ್ಯುವಾಗ ಈ ಬಡಪಾಯಿಯನ್ನೂ ನೆನೆಸಿಕೊಳ್ಳಿ.

ಇನ್ನು ಪದಗಳ ಆಯ್ಕೆ. ಅಚ್ಚಕನ್ನಡವೋ, ಸಂಸ್ಕೃತವೋ, ಇಂಗ್ಲಿಷನ್ನೇ ಉಳಿಸಿಕೊಳ್ಳೋಣವೋ ಅಂತ ಅನುವಾದಕರ ನಡುವೆ ಜಗಳ ಮುಗಿಯುವುದಿಲ್ಲ. ಆದರೆ ಯಾರೂ ತಕರಾರು ಮಾಡದೆ ಒಳಗೆ ಬಂದ ಪದಗಳನ್ನು ನೋಡಿ. 'ಕ್ಯಾನ್ಸಲ್'ಗೆ ರದ್ದು ಮಾಡು. 'ಕಾಪಿ'ಗೆ ನಕಲಿಸು. ಕಸದ ಬುಟ್ಟಿ ಖಾಲಿ ಮಾಡು. ರದ್ದು, ನಕಲು, ಖಾಲಿ ಮೂರರ ಮೂಲವೂ ಅರಬ್ಬಿ. ಸುಲ್ತಾನರ, ನಿಜಾಮರ ಕಚೇರಿಗಳ ಬಾಯಿಂದ ನಮ್ಮ ಬಾಯಿಗೆ ಬಂದವು. ಶಾಲೆ ಮೆಟ್ಟಿಲು ಹತ್ತದ ನಮ್ಮಜ್ಜಿಗೂ 'ಅರ್ಜಿ ರದ್ದಾತು' ಅಂದ್ರೆ ಏನಂತ ಚೆನ್ನಾಗಿ ಗೊತ್ತಿತ್ತು. ಕಚೇರಿಯ ಭಾಷೆ ನಮ್ಮದಾಗಿರಲಿಲ್ಲ; ಬಳಸಿ ಬಳಸಿ ಅದರ ಪದಗಳು ನಮ್ಮವಾದವು.

'ಖಾತೆ'ಯೂ ಹಾಗೆ ಬಳಕೆಯಲ್ಲಿ ಗಟ್ಟಿಯಾದ ಪದ. ರೈತನಿಗೆ ಅದು ಮೊದಲು ಜಮೀನು, ಆಮೇಲೆ ಬ್ಯಾಂಕು. 2000ದ ಹೊತ್ತಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳು 'ಭೂಮಿ' ಯೋಜನೆಯಡಿ ಕಂಪ್ಯೂಟರಿಗೆ ಹೋಗತೊಡಗಿದವು. ಪಹಣಿಯೇ ಪರದೆಯ ಮೇಲೆ ಕಾಣುವ ಕಾಲದಲ್ಲಿ, ಇನ್ನೊಂದು ಪರದೆ 'ಖಾತೆ ಅಳಿಸು' ಅಂದರೆ ಕಾಕಾ ಏನಂತ ತಿಳೀಬೇಕು? ನಿಘಂಟು ನೋಡಿದ್ದರೆ ನನ್ನ ಅನುವಾದ ಸರಿಯೇ ಇತ್ತು. ಆದರೆ ಅಂದು ಅಜ್ಜನಿಗೆ ಕಾಗದ ಓದಿ ಹೇಳುವವನು ಬೇಕಾಗಿದ್ದ; ಇಂದು ಕಾಕಾ ಅವರಿಗೆ, ಕನ್ನಡದಲ್ಲೇ ಬರೆದಿದ್ದರೂ, ನಾನು ಬೇಕಾದೆ. ಹಾಗಾದ್ರೆ ನಾನು ಮಾಡಿದ್ದೇನು?

ತಿದ್ದಲು ಬಿಡುವುದೇ ಮುಕ್ತ ತಂತ್ರಾಂಶದ ದೊಡ್ಡ ಗುಣ. ಕಟ್ಟೆಯ ಮೇಲೆ ಕೂತೇ ಲ್ಯಾಪ್‌ಟಾಪ್ ತೆಗೆದು, 'ಈ ಆ್ಯಪ್‌ನಲ್ಲಿರುವ ನಿಮ್ಮ ಹೆಸರು, ಫೋಟೊ ಅಳಿಸು' ಅಂತ ಬದಲಿಸಿ ಕಳಿಸಿದೆ. ಯಾರ ಸಹಿಯೂ ಬೇಕಾಗಲಿಲ್ಲ, ಮೂರು ವಾರದಲ್ಲಿ ಹೊಸ ಆವೃತ್ತಿಯಲ್ಲಿ ಬಂತು. ಆದರೆ ಹೊಸ ಆವೃತ್ತಿ ಅಂದ್ರೆ ಹೊಸ ಇಂಗ್ಲಿಷ್ ಸಾಲುಗಳು ಕೂಡ. ಅನುವಾದ ಮಾಡುತ್ತಿದ್ದವರಿಗೆ ಮದುವೆಯಾಗಿ, ಮಕ್ಕಳಾಗಿ, ಕೆಲಸ ಬದಲಾಗಿ ಕೈಬಿಟ್ಟರೆ ಅರ್ಧ ಪರದೆ ಕನ್ನಡ, ಅರ್ಧ ಇಂಗ್ಲಿಷ್. ಹೈದರಾಬಾದಿನ ಇಲಾಖೆಗೆ ಖಜಾನೆ ಇತ್ತು. ಇಲ್ಲಿರುವುದು ನನ್ನ ನಿಮ್ಮ ಶನಿವಾರಗಳು. ಅನುವಾದ ಮಾಡಲು ಪುರುಸೊತ್ತಿಲ್ಲ ಅಂದ್ರೆ, ಒಂದು ವಾರ ನಿಮ್ಮ ಫೋನನ್ನು ಕನ್ನಡಕ್ಕೆ ತಿರುಗಿಸಿ. ಎಲ್ಲೆಲ್ಲಿ ಎಡವಿದಿರಿ ಅಂತ ಬರೆದು ಕಳಿಸಿ. ಅದೂ ಕೆಲಸವೇ.

ಹೊಸ ಆವೃತ್ತಿ ಬಂದ ದಿನ ಕಾಕಾ ಅವರಿಗೆ ಫೋನ್ ಮಾಡಿದೆ. "ಈಗ ಸರಿ ಅದ ನೋಡು" ಅಂದರು. ನಾನು ಬೀಗುವಷ್ಟರಲ್ಲಿ, "ಅಲ್ಲೋ ತಮ್ಮಾ, ಈ 'ಗುಪ್ತಪದ' ಅಂದ್ರೇನು?"