ಐದನೇ ಇಯತ್ತೆಯ ಅರ್ಜಿ

2008ರಲ್ಲಿ ನಾನು ಬರೆದ ನವೋದಯ ಪರೀಕ್ಷೆಯ ಪ್ರವೇಶಪತ್ರ ಅವ್ವನ ಟ್ರಂಕಿನಲ್ಲಿ ಈಗಲೂ ಇದೆ. ಮೂಡಲಗಿ ಆಗ ಇನ್ನೂ ತಾಲೂಕು ಆಗಿರಲಿಲ್ಲ, ನಮ್ಮೂರು ಗೋಕಾಕ ತಾಲೂಕಿಗೇ ಸೇರಿತ್ತು. ಅರ್ಜಿಗೆ ಅಪ್ಪನ ಸಹಿ ಬೇಕಿತ್ತು. ಅಜ್ಜಿ ಒಪ್ಪಲಿಲ್ಲ. "ಹೆಣ್ಣ ಹುಡುಗಿನ್ನ ಹಾಸ್ಟೆಲ್ಲಿಗೆ ಹಾಕಿ ಏನ ಮಾಡ್ತಿ?" ಎನ್ನುವುದು ಆಕೆಯ ಪ್ರಶ್ನೆ. ನಮ್ಮ ಸಾಲಿಯ ಮಾಸ್ತರರು ಮೂರು ಸಲ ಮನೆಗೆ ಬಂದರು. ಮೂರನೇ ಸಲ ಬಂದಾಗ ಅಪ್ಪ ಕಬ್ಬಿಗೆ ನೀರು ಹಾಯಿಸುತ್ತಿದ್ದ. ಮಾಸ್ತರರು ಗದ್ದೆಯ ಬದುವಿಗೇ ಹೋಗಿ, ಮೊಣಕಾಲ ಮೇಲೆ ಫೈಲು ಇಟ್ಟು ಸಹಿ ಮಾಡಿಸಿಕೊಂಡರು. ಕಾಗದದ ಮೂಲೆಯಲ್ಲಿ ಕೆಸರಿನ ಬೆರಳಚ್ಚು ಉಳಿಯಿತು. ನನಗೆ ಸೀಟು ಸಿಗಲಿಲ್ಲ.

ಮುಂಬೈ ಕರ್ನಾಟಕದ ಪ್ರಾಥಮಿಕ ಶಿಕ್ಷಣದ ಬಗ್ಗೆ ಸಂಶೋಧನೆ ಮಾಡಲು ಹೊರಟಾಗ ಈ ಅರ್ಜಿ ಮತ್ತೆ ನೆನಪಾಯಿತು. ಹತ್ತು ಹನ್ನೊಂದು ವರ್ಷದ ಮಗುವನ್ನು ಒಂದು ಪರೀಕ್ಷೆಗೆ ಕೂರಿಸಿ, ಇದು ಈ ಸಾಲಿಗೆ, ಅದು ಆ ಸಾಲಿಗೆ ಎಂದು ವಿಂಗಡಿಸುವ ಪದ್ಧತಿ ನಮ್ಮ ಸೀಮೆಗೆ ಎಂದು ಬಂತು?

ಹಳಬರಿಗೆ ಗೊತ್ತಿದ್ದದ್ದು ಮುಲ್ಕಿ ಪರೀಕ್ಷೆ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಕನ್ನಡ ಏಳನೇ ಇಯತ್ತೆಯ ಕೊನೆಗೆ ಬರೆಯುತ್ತಿದ್ದ ಮುಲ್ಕಿ ಪಾಸಾದವನು ಮಾಸ್ತರನೋ ತಲಾಠಿಯೋ ಆಗಬಹುದಿತ್ತು. ಗೋಕಾಕ, ಹುಕ್ಕೇರಿ ಕಡೆಯ ಎಷ್ಟೋ ಮನೆತನಗಳಲ್ಲಿ ಮೊದಲ ಸರಕಾರಿ ಪಗಾರ ಬಂದದ್ದು ಈ ದಾರಿಯಿಂದ. ಆ ಪರೀಕ್ಷೆ ನಡೆಯುತ್ತಿದ್ದದ್ದು ಓದು ಮುಗಿದ ಮೇಲೆ. ಸಾಲಿಯ ಒಳಗೆ ಬರಲು ಪರೀಕ್ಷೆ ಇರಲಿಲ್ಲ. ಆದರೆ ಒಳಗೆ ಬರಲು ಜಾತಿ ಇತ್ತು, ಬಡತನ ಇತ್ತು ಎಂಬುದನ್ನು ಮರೆತು ಆ ಕಾಲವನ್ನು ಹೊಗಳಲಾರೆ. ಕನ್ನಡ ಸಾಲಿ ಎಂಬುದೂ ತಾನಾಗಿ ಬಂದದ್ದಲ್ಲ. ಮರಾಠಿಯೇ ಸಾಲಿಯ ಭಾಷೆಯಾಗಿದ್ದ ಈ ಭಾಗದಲ್ಲಿ ಕನ್ನಡ ಸಾಲಿಗಳನ್ನು ನೆಲೆಗೊಳಿಸಲು ಡೆಪ್ಯುಟಿ ಚನ್ನಬಸಪ್ಪನವರು (1834-1881) ಹೆಣಗಬೇಕಾಯಿತು.

ಏಳನೆಯದು ದಾಟಿ ಓದಬೇಕೆಂಬ ಬಡವರ ಮಕ್ಕಳಿಗೆ ಇದ್ದ ಇನ್ನೊಂದು ಬಾಗಿಲು ಮಠದ್ದು. ಇದಕ್ಕೆ ನಮ್ಮ ಹತ್ತಿರದಲ್ಲೇ ಉದಾಹರಣೆ ಇದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಹೈಸ್ಕೂಲಿಗೆ ಗೋಕಾಕಕ್ಕೆ ಬಂದರು. ಬಡತನದಿಂದ ಓದು ನಿಂತಾಗ ಅವರ ಖರ್ಚು ವಹಿಸಿಕೊಂಡವರು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು. ಅಲ್ಲಿ ಅರ್ಜಿ ನಮೂನೆಯಿಲ್ಲ, ಕಟ್‌ಆಫ್ ಇಲ್ಲ. ಒಬ್ಬ ದೊಡ್ಡವರ ಕಣ್ಣಿಗೆ ಒಬ್ಬ ಹುಡುಗ ಬೀಳಬೇಕಿತ್ತು, ಅಷ್ಟೇ. ಬೀಳದೆ ಹೋದವರ ಹೆಸರು ಯಾವ ದಫ್ತರದಲ್ಲೂ ಸಿಗುವುದಿಲ್ಲ.

ಪರೀಕ್ಷೆ ಬರೆಸಿ ಆರಿಸಿಕೊಳ್ಳುವ ಸಾಲಿಗಳು ಇತ್ತ ಬಂದದ್ದು ಮೊದಲು ಫೌಜಿನ ಬೆನ್ನು ಹತ್ತಿ. ಬೆಳಗಾವಿಯ ಮಿಲಿಟರಿ ಶಾಲೆ 1945ರದ್ದು. ಮೊದಲಿಗೆ ಅದು ಸೈನಿಕರ ಮಕ್ಕಳಿಗಾಗಿ ಇದ್ದದ್ದು. ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಶುರುವಾಯಿತು. ಹೆಣ್ಣುಮಕ್ಕಳಿಗೆಂದು ಕಿತ್ತೂರಿನಲ್ಲಿ ರಾಣಿ ಚನ್ನಮ್ಮ ವಸತಿ ಶಾಲೆ ಬಂದದ್ದು 1969ರಲ್ಲಿ. ಇವುಗಳಲ್ಲಿ ಓದಲು ಜಾಣತನದ ಜೊತೆಗೆ ಫೀಯೂ ಬೇಕು. ಶಿಷ್ಯವೇತನ ಇದ್ದರೂ ನಮ್ಮಂಥವರ ಮನೆಯಲ್ಲಿ ಫೀಯ ಅಂಕಿ ಕೇಳಿದಾಗಲೇ ಮಾತು ಮುಗಿಯುತ್ತಿತ್ತು.

ನವೋದಯ ಬೇರೆಯಾದದ್ದು ಇಲ್ಲೇ. 1971ರಲ್ಲಿ ಪಿ.ವಿ. ನರಸಿಂಹರಾವ್ ಆಂಧ್ರದ ಮುಖ್ಯಮಂತ್ರಿಯಾಗಿದ್ದಾಗ ನಲ್ಗೊಂಡ ಸೀಮೆಯ ಸರ್ವೇಲ್‌ನಲ್ಲಿ ಹಳ್ಳಿಯ ಜಾಣ ಮಕ್ಕಳಿಗಾಗಿ ವಸತಿ ಶಾಲೆ ತೆರೆದಿದ್ದರು. ಮುಂದೆ ಅವರೇ ರಾಜೀವ್ ಗಾಂಧಿಯವರ ಸಂಪುಟದಲ್ಲಿ ಶಿಕ್ಷಣದ ಹೊಣೆ ಹೊತ್ತಾಗ, 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಮೊದಲ ಎರಡು ನವೋದಯಗಳು ಶುರುವಾದವು. 1986ರ ಶಿಕ್ಷಣ ನೀತಿ ಇದನ್ನು ಜಿಲ್ಲೆಗೊಂದು ಎಂದು ವಿಸ್ತರಿಸಿತು. ಹಿಂದಿಯ ಕಾರಣಕ್ಕೆ ತಮಿಳುನಾಡು ಮಾತ್ರ ಬೇಡವೆಂದಿತು. ನಮ್ಮಲ್ಲಿ ಆಗಷ್ಟೇ ಗೋಕಾಕ ಚಳವಳಿ ನಡೆದು ಮುಗಿದಿತ್ತು. (ಅದು ವಿ.ಕೃ. ಗೋಕಾಕರ ವರದಿಯ ಹೆಸರಿನ ಚಳವಳಿ, ನಮ್ಮೂರಿನದಲ್ಲ. ಬೆಂಗಳೂರಿನಲ್ಲಿ ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ!) ಆದರೂ ನವೋದಯ ನಮ್ಮಲ್ಲಿ ಸಲೀಸಾಗಿ ಬಂತು. ಕನ್ನಡದಲ್ಲೇ ಪರೀಕ್ಷೆ ಬರೆದು ಒಳಹೋದ ಮಗು ಎರಡು ಮೂರು ವರ್ಷದಲ್ಲಿ ಗಣಿತ, ವಿಜ್ಞಾನವನ್ನು ಇಂಗ್ಲಿಷಿನಲ್ಲಿ, ಸಮಾಜವನ್ನು ಹಿಂದಿಯಲ್ಲಿ ಓದತೊಡಗುತ್ತದೆ. ಅದು ನಷ್ಟವೆಂದು ನಮ್ಮ ಕಡೆಯ ತಂದೆತಾಯಿಗಳಿಗೆ ಅನಿಸಲಿಲ್ಲ. ಅವರಿಗೆ ಬೇಕಿದ್ದದ್ದೇ ಅದು ಎಂದು ನನ್ನ ಅನುಮಾನ.

ನಮ್ಮ ಜಿಲ್ಲೆಯ ನವೋದಯ ಇರುವುದು ಚಿಕ್ಕೋಡಿ ತಾಲೂಕಿನ ಕೋಥಳಿಯಲ್ಲಿ. ನಾನು ಪರೀಕ್ಷೆ ಬರೆದಾಗ ಹತ್ತು ತಾಲೂಕುಗಳ ಜಿಲ್ಲೆಗೆ ಅಲ್ಲಿ ಇದ್ದದ್ದು 80 ಸೀಟು. 1996-97ರಿಂದ ರಾಜ್ಯ ಸರಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಆಮೇಲೆ ಕಿತ್ತೂರು ರಾಣಿ ಚನ್ನಮ್ಮ ಹೆಸರಿನವು ಬಂದು ಬಾಗಿಲುಗಳು ಹೆಚ್ಚಾದವು, ನಿಜ. ಬಾಗಿಲು ಹೆಚ್ಚಾದಂತೆ ಬಾಗಿಲು ಬಡಿಯುವುದನ್ನು ಕಲಿಸುವವರೂ ಹೆಚ್ಚಾದರು. ಗೋಕಾಕ, ಮೂಡಲಗಿ, ಸಂಕೇಶ್ವರ ಯಾವ ಬಸ್‌ಸ್ಟ್ಯಾಂಡಿನ ಸುತ್ತ ನೋಡಿದರೂ 'ನವೋದಯ-ಸೈನಿಕ-ಮೊರಾರ್ಜಿ-ಕಿತ್ತೂರು' ಎಂದು ಒಂದೇ ಉಸಿರಿನಲ್ಲಿ ಬರೆದ ತರಬೇತಿ ಬೋರ್ಡುಗಳು. ಗದ್ದೆಯ ಬದುವಿಗೆ ಬರುತ್ತಿದ್ದ ಮಾಸ್ತರರ ಕೆಲಸ ಈಗ ಅಂಗಡಿಗೆ ಬಂದಿದೆ. ತರಬೇತಿಗೆ ದುಡ್ಡು ಕೊಡಬಲ್ಲವರ ಮಕ್ಕಳು, ದುಡ್ಡಿಲ್ಲದವರಿಗಾಗಿ ಕಟ್ಟಿದ ಸಾಲಿಗೆ ಹೋಗುವ ದಾರಿ ಇದು.

ಸಂಶೋಧಕಿಯಾಗಿ ನನಗೆ ಹೆಚ್ಚು ಹಿಡಿಸಿದ್ದು ನವೋದಯದ ನಿಯಮಗಳ ಹಾಳೆ. ಕನಿಷ್ಠ ಶೇಕಡಾ 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹುಡುಗಿಯರಿಗೆ. ಹಾಗಾದರೆ ಗ್ರಾಮೀಣ ಎಂದರೆ ಯಾರು? ಮೂರು, ನಾಲ್ಕು, ಐದನೇ ಇಯತ್ತೆಗಳನ್ನು ಪೂರ್ತಿಯಾಗಿ ಹಳ್ಳಿಯ ಸಾಲಿಯಲ್ಲಿ ಓದಿದವರು. ಆ ಮೂರು ವರ್ಷಗಳಲ್ಲಿ ಒಂದು ದಿನ ಪಟ್ಟಣದ ಸಾಲಿಯಲ್ಲಿ ಓದಿದ್ದರೂ ಮಗು ನಗರದ ಲೆಕ್ಕಕ್ಕೆ. ಎರಡನೇ ಸಲ ಪರೀಕ್ಷೆ ಬರೆಯುವಂತಿಲ್ಲ. ಪಟ್ಟಣದವರು ಹಳ್ಳಿಯ ಹೆಸರಿನಲ್ಲಿ ನುಸುಳಬಾರದೆಂದು ಮಾಡಿದ ನಿಯಮ, ಅದರ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದು ಒಂದೇ ಕಡೆ ನಿಂತು ಬಾಳುವ ಕುಟುಂಬವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಕಬ್ಬಿನ ಗ್ಯಾಂಗಿನ ಜೊತೆ ಊರೂರು ತಿರುಗುವ ಮಕ್ಕಳು ಆ ಹಾಳೆಯ ಯಾವ ಸಾಲಿನಲ್ಲಿ ಬರುತ್ತಾರೆ?

ಅಕ್ಕನನ್ನು ಕೊಟ್ಟದ್ದು ಹುಕ್ಕೇರಿ ತಾಲೂಕಿನ ಒಂದು ಹಳ್ಳಿಗೆ. ಅವಳ ಮಗಳು ಈಗ ಐದನೇ ಇಯತ್ತೆ. ಅರ್ಜಿ ಈಗ ಆನ್‌ಲೈನ್. ಫೋಟೋ, ಸಹಿ, ಹೆಡ್‌ಮಾಸ್ತರರ ಪ್ರಮಾಣಪತ್ರ ಎಲ್ಲ ಮೊಬೈಲಿನಿಂದಲೇ ಏರಿಸಬೇಕು. ತುಂಬಲು ನಾನೇ ಕುಳಿತೆ. ಭಾವ ತಕರಾರು ಮಾಡದೆ ಸಹಿ ಹಾಕಿದ. ಪ್ರಮಾಣಪತ್ರ ತುಂಬುವಾಗ ಹೆಡ್‌ಮಾಸ್ತರರು ರಜಿಸ್ಟರ್ ತೆಗೆದು ಸುಮ್ಮನಾದರು. ಹುಡುಗಿ ಮೂರನೇ ಇಯತ್ತೆಯಲ್ಲಿದ್ದಾಗ ಅಕ್ಕ ಬಾಣಂತನಕ್ಕೆ ಹೋಗಿ ಗೋಕಾಕದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಆಗ ಅಲ್ಲಿನ ಸಾಲಿಗೆ ಹೆಸರು ಹಚ್ಚಿದ್ದರು. ಎರಡು ತಿಂಗಳು.

"ಎರಡ ತಿಂಗಳಿಗೆ ನನ್ನ ಮಗಳು ಪ್ಯಾಟಿ ಹುಡುಗಿ ಆದ್ಲೇನ್ರಿ ಸರ?" ಎಂದು ಅಕ್ಕ ಕೇಳಿದಳು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾ ಏನ ಮಾಡ್ಲವ್ವಾ, ದಾಖಲೆದಾಗ ಐತಿ" ಎಂದು, 'ನಗರ' ಎಂಬಲ್ಲಿ ಗುರುತು ಹಾಕಿದರು. ಹುಡುಗಿ ಹೊರಗೆ ಕಟ್ಟೆಯ ಮೇಲೆ ಕುಳಿತು ಹಳೆಯ ಪ್ರಶ್ನೆಪತ್ರಿಕೆಯ ಆಕೃತಿಗಳನ್ನು ಬಿಡಿಸುತ್ತಿದ್ದಳು.