ಪೋನಿ ಮತ್ತು ವಸಂತದ ಹುಲ್ಲು

1929ರಲ್ಲಿ ಬ್ರಿಟನ್ನಿನಲ್ಲಿ ‘ಇನ್‌ಸ್ಟಿಟ್ಯೂಟ್ ಆಫ್ ದಿ ಹಾರ್ಸ್’ ಸಂಸ್ಥೆಯ ಕಿರಿಯರ ಶಾಖೆಯಾಗಿ ‘ಪೋನಿ ಕ್ಲಬ್’ ಹುಟ್ಟಿತು. ಅದು ಮಕ್ಕಳಿಗೆ ಸವಾರಿಯನ್ನಷ್ಟೇ ಕಲಿಸಲಿಲ್ಲ. ಕುದುರೆಯ ಆರೈಕೆಯನ್ನೂ ಪರೀಕ್ಷೆಗೆ ಒಳಪಡಿಸಿತು. ಅಧ್ಯಾಪಕನಾಗಿದ್ದ ನನಗೆ ಮೆಚ್ಚುಗೆಯಾದುದು ಇದೇ.

ಚಳಿಗಾಲದಲ್ಲಿ ಒಣಹುಲ್ಲು ಹಾಕಬೇಕು, ತೊಟ್ಟಿಯ ಮಂಜುಗಡ್ಡೆ ಒಡೆಯಬೇಕು ಎಂಬುದು ಯಾರಿಗೂ ತಿಳಿಯುವ ಮಾತು. ವಸಂತದ ಅಪಾಯ ಮಾತ್ರ ಕಣ್ಣಿಗೆ ಕಾಣದು. ಚಿಗುರು ಹುಲ್ಲಿನಲ್ಲಿ ಸಕ್ಕರೆಯಂಶ ಹೆಚ್ಚು. ಗುಡ್ಡಗಾಡಿನ ಬಡಮೇವಿಗೆ ಒಗ್ಗಿದ ಪೋನಿ ಅದನ್ನು ಹೊಟ್ಟೆತುಂಬ ಮೇಯ್ದರೆ ಗೊರಸಿನೊಳಗೆ ಉರಿಯೂತವೆದ್ದು ಕುಂಟುತ್ತದೆ, ಕೆಲವೊಮ್ಮೆ ಪ್ರಾಣವನ್ನೇ ಕಳೆದುಕೊಳ್ಳುತ್ತದೆ. (ಎಳೆಯ ಜೋಳದ ಪೈರಿಗೆ ದನ ಬಿಡದ ನಮ್ಮ ರೈತರಿಗೆ, ಕಾರಣ ಬೇರೆಯಾದರೂ, ಇಂಥ ಎಚ್ಚರ ಹೊಸದಲ್ಲ.)

ಹೀಗಾಗಿ ಹತ್ತು ವರ್ಷದ ಮಗುವೂ, ಬೇಲಿಯಾಚೆಯ ಹಸಿರಿಗೆ ಆಸೆಪಡುವ ತನ್ನ ಮುದ್ದಿನ ಪೋನಿಯನ್ನು ಹುಲ್ಲಿಲ್ಲದ ಅಂಗಳದಲ್ಲೇ ಕೂಡಿಹಾಕಲು ಕಲಿಯಬೇಕಾಗುತ್ತದೆ.